ಮೂರು ಸಾವಿರ ದಿರ್ಹಮ್ ಊರಿಗೆ ತಲುಪುವಾಗ

ಶಾರ್ಜಾದ ರೋಲಾ ಚೌಕದ ಆಸುಪಾಸಿನಲ್ಲಿ ಸಂಬಳದ ವಾರ ಯಾವುದೆಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಾಗಿಲ್ಲ. ಹಣ ಬದಲಿಸಿ ಊರಿಗೆ ಕಳಿಸಿಕೊಡುವ ಎಕ್ಸ್‌ಚೇಂಜ್‌ಗಳ ಗಾಜಿನ ಬಾಗಿಲುಗಳ ಹೊರಗೆ ಸಾಲು ಬೆಳೆದಿರುತ್ತದೆ, ಒಳಗೆ ಟೋಕನ್ ಹಿಡಿದವರು ಗೋಡೆಯ ಮೇಲಿನ ಫಲಕವನ್ನೇ ನೋಡುತ್ತಾ ನಿಂತಿರುತ್ತಾರೆ, ಆ ಫಲಕದಲ್ಲಿ ಭಾರತದ ರೂಪಾಯಿ, ಪಾಕಿಸ್ತಾನದ ರೂಪಾಯಿ, ಬಾಂಗ್ಲಾದ ಟಾಕಾ, ಫಿಲಿಪೀನ್ಸಿನ ಪೆಸೊಗಳ ದರಗಳು ಒಂದರ ಕೆಳಗೊಂದು ಮಿನುಗುತ್ತಿರುತ್ತವೆ. ನಾನು ಈ ಸಾಲಿನಲ್ಲಿ ಮೊದಲ ಬಾರಿಗೆ ನಿಂತದ್ದು 2012ರಲ್ಲಿ. ಕಾರ್ಕಳದ ಕಡೆಯ ನಮ್ಮ ಮನೆಗೆ ಅಂದಿನಿಂದ ಹೆಚ್ಚುಕಡಿಮೆ ಪ್ರತಿ ತಿಂಗಳೂ ದುಡ್ಡು ಹಾಕುತ್ತಾ ಬಂದಿದ್ದೇನೆ. ಲೆಕ್ಕಪತ್ರದ ಕೆಲಸದವನಾದ್ದರಿಂದ ಪ್ರತಿ ಸಲವೂ ಒಂದು ಪುಸ್ತಕದಲ್ಲಿ ದಿನಾಂಕ, ನನ್ನ ಕೈಯಿಂದ ಹೋದ ದಿರ್ಹಮ್ ಮತ್ತು ಅಪ್ಪನ ಖಾತೆಗೆ ಜಮೆಯಾದ ರೂಪಾಯಿ ಎಂದು ಮೂರು ಕಾಲಂ ಬರೆದಿಡುವ ಅಭ್ಯಾಸವಿದೆ. ನಾಲ್ಕನೆಯ ಕಾಲಂ ಸೇರಿಸಬೇಕೆಂಬ ಬುದ್ಧಿ ಬರಲು ಮಾತ್ರ ಐದು ವರ್ಷ ಹಿಡಿಯಿತು.

ಆ ಐದು ವರ್ಷವೂ ನಾನು ನೋಡುತ್ತಿದ್ದುದು ಶುಲ್ಕವೊಂದನ್ನೇ. ಒಂದು ಕಡೆ 15 ದಿರ್ಹಮ್, ಇನ್ನೊಂದು ಕಡೆ 20 ಎಂದರೆ 15ರ ಕಡೆಗೆ ಬಿಸಿಲಿನಲ್ಲಿ ನಡೆದುಕೊಂಡು ಹೋಗುತ್ತಿದ್ದೆ. ಶುಲ್ಕ ರಸೀದಿಯಲ್ಲಿ ಅಚ್ಚಾಗಿರುವುದರಿಂದ ಕಣ್ಣಿಗೆ ಕಾಣುತ್ತದೆ, ದರದೊಳಗೆ ಅಡಗಿರುವ ಅಂತರ ಎಲ್ಲಿಯೂ ಅಚ್ಚಾಗಿರುವುದಿಲ್ಲ. ಜಮೆಯಾದ ರೂಪಾಯಿಯನ್ನು, ಶುಲ್ಕವೂ ಸೇರಿದಂತೆ ಕೈಬಿಟ್ಟ ಒಟ್ಟು ದಿರ್ಹಮಿನಿಂದ ಭಾಗಿಸಿ ನಾಲ್ಕನೆಯ ಕಾಲಂ ಬರೆಯತೊಡಗಿದ ಮೇಲೆಯೇ ನನ್ನ ದುಡ್ಡು ಎಲ್ಲಿ ಸೋರುತ್ತಿದೆ ಎಂಬುದು ಗೊತ್ತಾದದ್ದು.

ಒಂದು ಉದಾಹರಣೆ ಹಿಡಿದು ನೋಡೋಣ. ದಿರ್ಹಮಿನ ಬೆಲೆಯನ್ನು 1997ರಿಂದ ಅಮೆರಿಕದ ಡಾಲರಿಗೆ 3.6725ರಂತೆ ಕಟ್ಟಿಹಾಕಲಾಗಿದೆ. ಆದ್ದರಿಂದ ಡಾಲರಿಗೆ 84 ರೂಪಾಯಿ ಇರುವ ದಿನ ದಿರ್ಹಮಿನ ನಿಜವಾದ ಮಾರುಕಟ್ಟೆ ದರ 22.87 ರೂಪಾಯಿ. ಇದನ್ನು ತಿಳಿಯಲು ಯಾವ ಎಕ್ಸ್‌ಚೇಂಜಿನ ಫಲಕವೂ ಬೇಕಿಲ್ಲ, ಡಾಲರಿನ ದರವನ್ನು 3.6725ರಿಂದ ಭಾಗಿಸಿದರೆ ಸಾಕು. ಈಗ ಒಬ್ಬರು 22.75ರ ದರ ಕೊಟ್ಟು 20 ದಿರ್ಹಮ್ ಶುಲ್ಕ ಪಡೆಯುತ್ತಾರೆ, ಅದರ ಮೇಲೆ 2018ರಿಂದ ಜಾರಿಯಲ್ಲಿರುವ ಶೇಕಡಾ 5ರ ವ್ಯಾಟ್ ಸೇರಿ 21 ಆಗುತ್ತದೆ ಎಂದುಕೊಳ್ಳೋಣ. ಇನ್ನೊಬ್ಬರು ಶುಲ್ಕವೇ ಇಲ್ಲವೆಂದು ದೊಡ್ಡ ಅಕ್ಷರದಲ್ಲಿ ಬರೆದು 22.52ರ ದರ ಕೊಡುತ್ತಾರೆ. ನನ್ನ ಬಳಿ ಇರುವುದು 3,000 ದಿರ್ಹಮ್. ಮೊದಲನೆಯವರಲ್ಲಿ 21 ಕಳೆದು ಉಳಿದ 2,979ಕ್ಕೆ 67,772 ರೂಪಾಯಿ, ಎರಡನೆಯವರಲ್ಲಿ ಪೂರ್ತಿ 3,000ಕ್ಕೆ 67,560 ರೂಪಾಯಿ. ಶುಲ್ಕವಿಲ್ಲದವರೇ 212 ರೂಪಾಯಿ ದುಬಾರಿಯಾದರು. ಆದರೆ ಇದೇ ಲೆಕ್ಕವನ್ನು 500 ದಿರ್ಹಮಿಗೆ ಹಾಕಿದರೆ ಮೊದಲನೆಯವರಲ್ಲಿ 10,897 ರೂಪಾಯಿಯೂ ಎರಡನೆಯವರಲ್ಲಿ 11,260 ರೂಪಾಯಿಯೂ ಸಿಗುತ್ತದೆ. ಈ ದರಗಳಲ್ಲಿ ತಕ್ಕಡಿ ಸಮನಾಗುವುದು 2,077 ದಿರ್ಹಮಿನ ಹತ್ತಿರ. ಅದಕ್ಕಿಂತ ಕಡಿಮೆಯಾದರೆ ಶುಲ್ಕವಿಲ್ಲದವರು ಅಗ್ಗ, ಹೆಚ್ಚಾದರೆ ಶುಲ್ಕ ಪಡೆಯುವವರು ಅಗ್ಗ. ಹಾಗಾಗಿ ದುಡ್ಡು ಹಾಕುವುದಕ್ಕೆ ಎಲ್ಲಿ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಎಷ್ಟು ಹಾಕುತ್ತೀರಿ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ.

ಇಷ್ಟಾದರೂ ನಮ್ಮ ಪಾಲಿನದು ಸಣ್ಣ ಹೊರೆ ಎಂಬುದನ್ನು ಒಪ್ಪಿಕೊಳ್ಳಬೇಕು. ಮೇಲಿನ ಲೆಕ್ಕದಲ್ಲಿ ನಿಜವಾದ ದರಕ್ಕೆ ಹೋಲಿಸಿದರೆ ಮೊದಲನೆಯವರಲ್ಲಿ ನಾನು ಕಳೆದುಕೊಂಡದ್ದು 838 ರೂಪಾಯಿ, ಅಂದರೆ ಶೇಕಡಾ 1.22. ಇನ್ನೂರು ಡಾಲರ್ ಕಳಿಸುವುದಕ್ಕೆ ಜಗತ್ತಿನ ಸರಾಸರಿ ವೆಚ್ಚ ಶೇಕಡಾ 6ಕ್ಕಿಂತಲೂ ಹೆಚ್ಚು ಎಂದು ವಿಶ್ವಬ್ಯಾಂಕಿನ ಅಂಕಿಅಂಶಗಳು ಹೇಳುತ್ತವೆ, 2030ರ ಹೊತ್ತಿಗೆ ಅದನ್ನು ಶೇಕಡಾ 3ಕ್ಕಿಂತ ಕೆಳಗಿಳಿಸುವುದು ವಿಶ್ವಸಂಸ್ಥೆ ಹಾಕಿಕೊಂಡಿರುವ ಗುರಿ. ಕೊಲ್ಲಿಯಿಂದ ಭಾರತಕ್ಕೆ ಹಣ ಕಳಿಸುವವರ ಸಂಖ್ಯೆಯೂ ಕಳಿಸುವ ಮೊತ್ತವೂ ದೊಡ್ಡದು, ಒಂದೇ ಬೀದಿಯಲ್ಲಿ ಐದಾರು ಎಕ್ಸ್‌ಚೇಂಜ್‌ಗಳಿರುವುದರಿಂದ ಪೈಪೋಟಿಯೂ ಜೋರು. ಅಂದಹಾಗೆ, ಒಂದು ಕಾಲದಲ್ಲಿ ಇಲ್ಲಿ ದರದ ಚಿಂತೆಯೇ ಇರಲಿಲ್ಲ. ಈ ಊರುಗಳಲ್ಲಿ 1966ರವರೆಗೆ ಚಲಾವಣೆಯಲ್ಲಿದ್ದುದು ರೂಪಾಯಿಯೇ. ಕೊಲ್ಲಿಗೆಂದೇ ಬೇರೆ ರೂಪಾಯಿ ನೋಟುಗಳನ್ನು ನಮ್ಮ ರಿಸರ್ವ್ ಬ್ಯಾಂಕು 1959ರಲ್ಲಿ ಹೊರಡಿಸಿತ್ತು. 1966ರ ಜೂನ್ 6ರಂದು ಭಾರತ ರೂಪಾಯಿಯ ಅಪಮೌಲ್ಯ ಮಾಡಿದಾಗ ಇಲ್ಲಿಯವರು ಅದರ ಕೈಬಿಟ್ಟರು, ದಿರ್ಹಮ್ ಬಂದದ್ದು 1973ರಲ್ಲಿ.

ಕೌಂಟರಿನಲ್ಲಿ ದರ ಕೇಳಿ ಪಡೆಯಬಹುದು ಎಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು. ಫಲಕದಲ್ಲಿರುವುದೇ ಕೊನೆಯ ದರವೆಂದು ನಂಬಿಕೊಂಡಿದ್ದೆ. ಒಮ್ಮೆ ನನ್ನ ಮುಂದೆ ನಿಂತಿದ್ದ ಮಲಯಾಳಿ ಹಿರಿಯರೊಬ್ಬರು ಹತ್ತು ಸಾವಿರ ದಿರ್ಹಮ್ ಕಟ್ಟನ್ನು ಗಾಜಿನ ಕೆಳಗಿನಿಂದ ಒಳಗೆ ತಳ್ಳದೆ, ಅಂಗೈಯ ಕೆಳಗೇ ಒತ್ತಿ ಹಿಡಿದುಕೊಂಡು, ಸ್ಪೆಷಲ್ ರೇಟ್ ಎಷ್ಟು ಎಂದು ನಗುತ್ತಾ ಕೇಳಿದರು. ಕೌಂಟರಿನ ಹುಡುಗ ಒಳಗೆ ಯಾರಿಗೋ ಫೋನ್ ಮಾಡಿ, ಕ್ಯಾಲ್ಕುಲೇಟರಿನಲ್ಲಿ ಒಂದು ಸಂಖ್ಯೆಯನ್ನು ಒತ್ತಿ ಅವರ ಕಡೆಗೆ ತಿರುಗಿಸಿ ತೋರಿಸಿದ. ಫಲಕಕ್ಕಿಂತ ಅದು 6 ಪೈಸೆ ಹೆಚ್ಚಿತ್ತು. ಹತ್ತು ಸಾವಿರಕ್ಕೆ 600 ರೂಪಾಯಿ, ಒಂದು ನಗೆಗೆ ಸಿಕ್ಕ ಬೆಲೆ. ಸಣ್ಣ ಮೊತ್ತಕ್ಕೆ ಇದು ನಡೆಯುವುದಿಲ್ಲ, ಆದರೂ ಕೇಳಿದ್ದಕ್ಕೆ ಯಾರೂ ಬೈದದ್ದಿಲ್ಲ.

ದರ ಏರಲಿ ಎಂದು ಕಾಯುವವರ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ರೂಪಾಯಿ ಬಿದ್ದ ದಿನ ನಮ್ಮ ಕಟ್ಟಡದ ಲಿಫ್ಟಿನಲ್ಲೇ ಒಂದು ಬಗೆಯ ಸಂಭ್ರಮವಿರುತ್ತದೆ, ಅದು ಊರಿನವರಿಗೆ ಅರ್ಥವಾಗುವಂಥದ್ದಲ್ಲ. ಆದರೆ 10 ಪೈಸೆ ಏರಿಕೆಯೆಂದರೆ 3,000 ದಿರ್ಹಮಿಗೆ ಸಿಗುವುದು 300 ರೂಪಾಯಿ ಮಾತ್ರ. ಕೆಲವು ವರ್ಷಗಳ ಹಿಂದೆ ನಾನು ಹೀಗೆಯೇ ಒಂದು ತಿಂಗಳು ಕಾದಿದ್ದೆ, ಅದೇ ತಿಂಗಳು ಅಪ್ಪ ಅಡಿಕೆ ತೋಟದ ಕೆಲಸಕ್ಕೆಂದು ಊರಿನ ಸೊಸೈಟಿಯಲ್ಲಿ ಅಮ್ಮನ ಬಳೆಗಳನ್ನು ಅಡವಿಟ್ಟು ಸಾಲ ತಂದಿದ್ದರು. ತಿಂಗಳಿಗೆ ಶೇಕಡಾ 1ರಂತೆ 68,000 ರೂಪಾಯಿಗೆ ಬಡ್ಡಿ 680. ನಾನಿಲ್ಲಿ ಗಳಿಸಿದ 300 ರೂಪಾಯಿಗಾಗಿ ಅವರು ಅಲ್ಲಿ 680 ಕಟ್ಟಿದ್ದರು, ಅದನ್ನು ಹೇಳಿಯೂ ಇರಲಿಲ್ಲ. ಅಂದಿನಿಂದ ನಾನು ನೋಡುವುದು ಒಂದನ್ನೇ: ಶನಿವಾರ ಮತ್ತು ಭಾನುವಾರ ಜಾಗತಿಕ ಹಣದ ಮಾರುಕಟ್ಟೆ ಮುಚ್ಚಿರುತ್ತದೆ, ಆ ಎರಡು ದಿನ ಎಕ್ಸ್‌ಚೇಂಜ್‌ಗಳು ಮತ್ತು ಆ್ಯಪ್‌ಗಳು ತಮ್ಮ ಸುರಕ್ಷತೆಗೆಂದು ದರವನ್ನು ಸ್ವಲ್ಪ ಇಳಿಸಿಯೇ ಇಟ್ಟಿರುತ್ತವೆ, ಆದ್ದರಿಂದ ತೀರಾ ಅವಸರವಿಲ್ಲದಿದ್ದರೆ ವಾರದ ನಡುವೆ ಹಾಕುತ್ತೇನೆ.

ಮನೆ ಕಟ್ಟುವಾಗ ಒಂದು ಬಾರಿ ದೊಡ್ಡ ಮೊತ್ತವನ್ನು ಬ್ಯಾಂಕಿನಿಂದ ಬ್ಯಾಂಕಿಗೆ, ದೇಶದೇಶಗಳ ಬ್ಯಾಂಕುಗಳನ್ನು ಬೆಸೆಯುವ ಸ್ವಿಫ್ಟ್ ಜಾಲದ ಮೂಲಕ, ಡಾಲರಿನಲ್ಲೇ ಕಳಿಸಿದ್ದೆ. ಅರ್ಜಿಯಲ್ಲಿ ಶುಲ್ಕವನ್ನು ಯಾರು ಭರಿಸಬೇಕೆಂದು ಕೇಳುವ ಮೂರು ಸಣ್ಣ ಚೌಕಗಳಿದ್ದವು, ಎಲ್ಲವನ್ನೂ ಕಳಿಸುವವನೇ ಭರಿಸುವುದು, ಇಬ್ಬರೂ ಹಂಚಿಕೊಳ್ಳುವುದು, ಪಡೆಯುವವನೇ ಭರಿಸುವುದು ಎಂದು. ಹಂಚಿಕೊಳ್ಳುವುದು ನ್ಯಾಯವೆಂದು ತೋರಿ ಅದಕ್ಕೆ ಗುರುತು ಹಾಕಿದೆ. ಎರಡು ಬ್ಯಾಂಕುಗಳ ನಡುವೆ ಮೂರನೆಯ ಬ್ಯಾಂಕೊಂದು ಇರುತ್ತದೆಂದು ನನಗೆ ಗೊತ್ತಿರಲಿಲ್ಲ, ಅದು ನಡುದಾರಿಯಲ್ಲೇ 20 ಡಾಲರ್ ಮುರಿದುಕೊಂಡಿತು. ಅಲ್ಲಿಂದ ಮುಂದೆ ಡಾಲರನ್ನು ರೂಪಾಯಿ ಮಾಡಿದ್ದು ಊರಿನ ಬ್ಯಾಂಕು, ಅದರದೇ ದರದಲ್ಲಿ. ಹೀಗೆ ಭಾರತದೊಳಗೆ ಹಣ ಬದಲಾದಾಗ ಜಿಎಸ್‌ಟಿಯೂ ಬೀಳುತ್ತದೆ. ಅದು ಇಡೀ ಮೊತ್ತದ ಮೇಲಲ್ಲ, ನಿಯಮದಂತೆ ಲೆಕ್ಕ ಹಾಕಿದ ಸೇವೆಯ ಮೌಲ್ಯದ ಮೇಲೆ, ಹಾಗಾಗಿ 25,000 ರೂಪಾಯಿಯವರೆಗೆ 45, ಒಂದು ಲಕ್ಷಕ್ಕೆ 180, ಹತ್ತು ಲಕ್ಷಕ್ಕೆ 990 ರೂಪಾಯಿ. ದೊಡ್ಡ ಹೊಡೆತವಲ್ಲ, ಆದರೆ ಎಕ್ಸ್‌ಚೇಂಜಿನವರು ಇಲ್ಲಿಯೇ ರೂಪಾಯಿಗೆ ಬದಲಿಸಿ ಕಳಿಸುವಾಗ ದರವೂ ತಲುಪುವ ಮೊತ್ತವೂ ಮೊದಲೇ ರಸೀದಿಯಲ್ಲಿರುತ್ತವೆ ಎಂಬ ನೆಮ್ಮದಿ ಈ ದಾರಿಯಲ್ಲಿಲ್ಲ.

ಇನ್ನೊಂದು ನಷ್ಟ ನನ್ನದೇ ಅಜಾಗರೂಕತೆಯಿಂದ ಆದದ್ದು, ಕರಾವಳಿಯವರಲ್ಲಿ ಅನೇಕರಿಗೆ ಆಗಿರಬಹುದಾದದ್ದು. ನಮ್ಮ ಜಿಲ್ಲೆಗಳಲ್ಲಿ ಹುಟ್ಟಿದ ಬ್ಯಾಂಕುಗಳಲ್ಲೇ ನಮ್ಮ ಅಪ್ಪಂದಿರ ಖಾತೆಗಳಿರುವುದು. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಫಲಕಗಳು ಬದಲಾದವು, ಪಾಸ್‌ಬುಕ್ಕುಗಳು ಬದಲಾದವು, ಕೊನೆಗೆ ಐಎಫ್‌ಎಸ್‌ಸಿ ಸಂಖ್ಯೆಗಳೂ ಬದಲಾದವು. ಎಕ್ಸ್‌ಚೇಂಜಿನಲ್ಲಿ ನಾನು ವರ್ಷಗಳ ಹಿಂದೆ ಬರೆಸಿಟ್ಟಿದ್ದ ಅಪ್ಪನ ವಿವರದಲ್ಲಿ ಮಾತ್ರ ಹಳೆಯ ಸಂಖ್ಯೆಯೇ ಉಳಿದಿತ್ತು. ಹಳೆಯ ಸಂಖ್ಯೆಗಳು ನಿಂತುಹೋದ ಮೇಲೂ ಕೌಂಟರಿನಲ್ಲಿ ದುಡ್ಡು ತೆಗೆದುಕೊಂಡರು, ರಸೀದಿಯನ್ನೂ ಕೊಟ್ಟರು, ಆದರೆ ಅಪ್ಪನ ಫೋನಿಗೆ ಸಂದೇಶ ಬರಲಿಲ್ಲ. ಒಂಬತ್ತು ದಿನಗಳ ನಂತರ ಹಣ ನನ್ನ ಕಡೆಗೇ ಮರಳಿತು. ಕಟ್ಟಿದ ಶುಲ್ಕ ವಾಪಸಿಲ್ಲ, ರೂಪಾಯಿಯನ್ನು ಮತ್ತೆ ದಿರ್ಹಮ್ ಮಾಡುವುದಕ್ಕೆ ಬೇರೆಯೇ ದರ. ಒಟ್ಟು 58 ದಿರ್ಹಮ್ ಹೋಯಿತು, ಆ ತಿಂಗಳ ನಾಲ್ಕನೆಯ ಕಾಲಂನಲ್ಲಿ ಗೆರೆ ಮಾತ್ರ ಎಳೆದಿದ್ದೇನೆ.

ಖಾತೆಯ ವಿಷಯದಲ್ಲಿಯೂ ಒಂದೆರಡು ಮಾತು ಹೇಳಬೇಕು, ಏಕೆಂದರೆ ಕಳಿಸುವಾಗ ಉಳಿಸಿದ್ದನ್ನು ತೆರಿಗೆಯಲ್ಲಿ ಕಳೆದುಕೊಳ್ಳುವವರನ್ನು ನೋಡಿದ್ದೇನೆ. ಅಪ್ಪ ಅಮ್ಮನ ಸಾಮಾನ್ಯ ಉಳಿತಾಯ ಖಾತೆಗೆ ಎಷ್ಟು ಹಾಕಿದರೂ ಅದಕ್ಕೆ ಅವರು ತೆರಿಗೆ ಕಟ್ಟಬೇಕಾಗಿಲ್ಲ, ಹತ್ತಿರದ ಸಂಬಂಧಿಗಳಿಗೆ ಕೊಟ್ಟ ಹಣವದು. ನಮ್ಮ ಸ್ವಂತ ಹೆಸರಿನಲ್ಲಿ ಕೂಡಿಡುವುದಾದರೆ ಅದು, ಅನಿವಾಸಿಗಳ ಹೊರದೇಶದ ಗಳಿಕೆಗೆಂದೇ ಇರುವ ಎನ್‌ಆರ್‌ಇ ಖಾತೆಗೆ ಹೋಗಬೇಕು. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಬೇಕೆಂದಾಗ ಹಣವನ್ನು ಮರಳಿ ಹೊರಗೆ ತರಬಹುದು. ಊರು ಬಿಡುವ ಮೊದಲು ತೆರೆದಿದ್ದ ಹಳೆಯ ಉಳಿತಾಯ ಖಾತೆಯನ್ನು ವಿದೇಶಿ ವಿನಿಮಯದ ಫೆಮಾ ಕಾನೂನಿನಂತೆ ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಲೇಬೇಕು. ಬಾಡಿಗೆ ಮೊದಲಾದ ಊರಿನ ಆದಾಯ ಬೀಳಬೇಕಾದದ್ದು ಅದಕ್ಕೆ, ಇಲ್ಲಿಂದ ಕಳಿಸುವ ಸಂಬಳವಲ್ಲ, ಏಕೆಂದರೆ ಅದರ ಬಡ್ಡಿಯಲ್ಲಿ ಶೇಕಡಾ 30ರಷ್ಟನ್ನೂ ಮೇಲೆ ಸೆಸ್ಸನ್ನೂ ಬ್ಯಾಂಕೇ ಮುರಿದುಕೊಳ್ಳುತ್ತದೆ.

ಬ್ಯಾಂಕಿನ ಹಂಗಿಲ್ಲದೆ ಏಜೆಂಟರ ಕೈಯಿಂದ ಕೈಗೆ ದುಡ್ಡು ದಾಟಿಸುವ ಹುಂಡಿಯ ವಿಚಾರವನ್ನು ಕೇಳುವವರಿದ್ದಾರೆ. ದರ ಹೆಚ್ಚು, ಶುಲ್ಕವಿಲ್ಲ, ಕೋಣೆಗೇ ಬಂದು ದುಡ್ಡು ಒಯ್ಯುತ್ತಾರೆ. ಆದರೆ ಅದು ಕಾನೂನಿಗೆ ವಿರುದ್ಧ, ಕೈಯಲ್ಲಿ ರಸೀದಿ ಇರುವುದಿಲ್ಲ, ಊರಿನ ಖಾತೆಗೆ ಬಂದು ಬೀಳುವ ರೂಪಾಯಿ ಯಾರ ಕೈಯಿಂದ ಬಂತೆಂದು ಗೊತ್ತಿರುವುದಿಲ್ಲ. ಅದು ಸೈಬರ್ ವಂಚನೆಯ ಹಣವೆಂದು ಪೊಲೀಸರು ಖಾತೆಯನ್ನೇ ಸ್ಥಗಿತಗೊಳಿಸಿದರೆ ಠಾಣೆಗೆ ಅಲೆಯಬೇಕಾದವರು ನಾವಲ್ಲ, ಎಪ್ಪತ್ತು ದಾಟಿದ ಅಪ್ಪ.

ನಮ್ಮ ಕೋಣೆಯಲ್ಲಿ ಕುಂದಾಪುರ ಕಡೆಯ ಅಡುಗೆಯವರೊಬ್ಬರಿದ್ದಾರೆ, ನನಗಿಂತ ಹದಿನೈದು ವರ್ಷ ಹಿರಿಯರು. ಅವರು ಪ್ರತಿ ವಾರ 700 ದಿರ್ಹಮಿನಂತೆ ತಿಂಗಳಿಗೆ ನಾಲ್ಕು ಸಲ ಹೆಂಡತಿಯ ಖಾತೆಗೆ ಹಾಕುತ್ತಿದ್ದರು, ಪ್ರತಿ ಸಲವೂ 21 ದಿರ್ಹಮ್ ತೆತ್ತು. ಒಟ್ಟಿಗೇ 2,800 ಹಾಕಿದರೆ ತಿಂಗಳಿಗೆ 63, ವರ್ಷಕ್ಕೆ 756 ದಿರ್ಹಮ್ ಉಳಿಯುತ್ತದೆ, ಅಂದರೆ ಹದಿನೇಳು ಸಾವಿರ ರೂಪಾಯಿ ಎಂದು ಪುಸ್ತಕ ತೆರೆದು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ತಾಳ್ಮೆಯಿಂದ ನೋಡಿದರು. "ಲೆಕ್ಕ ಸರಿ ಉಂಟು ಮಾರಾಯ್ರೇ. ಆದರೆ ಅಲ್ಲಿ ಒಟ್ಟಿಗೇ ಹೋದರೆ ಹತ್ತು ದಿನದಲ್ಲಿ ಮುಗೀತದೆ, ಇಲ್ಲಿ ನನ್ನ ಕೈಯಲ್ಲಿದ್ದರೆ ಖರ್ಚಾಗ್ತದೆ" ಎಂದರು. ಆ ಮಾತಿಗೆ ನನ್ನ ಕಾಲಂಗಳಲ್ಲಿ ಉತ್ತರವಿರಲಿಲ್ಲ.

ಕೊನೆಗೆ ಇಬ್ಬರೂ ಸೇರಿ ಒಂದು ಒಪ್ಪಂದಕ್ಕೆ ಬಂದೆವು. ಸಂಬಳ ಬಂದ ವಾರ ಅವರು 2,100 ದಿರ್ಹಮನ್ನು ಎಕ್ಸ್‌ಚೇಂಜಿನಲ್ಲಿ ಕಟ್ಟುತ್ತಾರೆ. ಅದರಲ್ಲಿ ಅರ್ಧವನ್ನು ತಿಂಗಳ ನಡುವಿನವರೆಗೆ ಮುಟ್ಟಬಾರದೆಂದು ಅವರಿಗೂ ಮನೆಯವರಿಗೂ ಮಾತಾಗಿದೆ. ಉಳಿದ 700ನ್ನು 20ನೆಯ ತಾರೀಕಿನ ಹೊತ್ತಿಗೆ ಶುಲ್ಕವಿಲ್ಲದ ಆ್ಯಪಿನಲ್ಲಿ ಹಾಕುತ್ತಾರೆ. ಅಲ್ಲಿಯವರೆಗೆ ಅವರ ಸಂಬಳದ ಕಾರ್ಡು ಒಂದು ಲಕೋಟೆಯಲ್ಲಿ, ನನ್ನ ಕಪಾಟಿನ ಮೇಲಿನ ಅರೆಯಲ್ಲಿ, ಲೆಕ್ಕದ ಪುಸ್ತಕದ ಕೆಳಗಿರುತ್ತದೆ. ನಡುವೆ ಎರಡು ಸಲ ಕೇಳಿದ್ದರು, ನಾನು ಕೊಡಲಿಲ್ಲ.