ದೊರೆಯೋ, ಆಳೋ?

1945ರ ಆಗಸ್ಟ್ 10ರಂದು ಜಪಾನ್ ಶರಣಾಗೋಕೆ ಒಪ್ಪಿತು. ಆದರೆ ಚಕ್ರವರ್ತಿಯ ಅಧಿಕಾರಕ್ಕೆ ಧಕ್ಕೆ ಬರಬಾರದು ಅಂತ ಷರತ್ತು ಹಾಕಿತು. ಮಾರನೇ ದಿನ ಅಮೆರಿಕದ ವಿದೇಶಾಂಗ ಸಚಿವ ಜೇಮ್ಸ್ ಬರ್ನ್ಸ್ ಕೊಟ್ಟ ಉತ್ತರದಲ್ಲಿ ಹೌದು ಅಂತಲೂ ಇಲ್ಲ, ಆಗಲ್ಲ ಅಂತಲೂ ಇಲ್ಲ: ಶರಣಾದ ಗಳಿಗೆಯಿಂದ ಚಕ್ರವರ್ತಿ ಮತ್ತು ಸರ್ಕಾರದ ಆಳುವ ಅಧಿಕಾರ ಮಿತ್ರರಾಷ್ಟ್ರಗಳ ಸುಪ್ರೀಂ ಕಮಾಂಡರ್‌ಗೆ ‘ಸಬ್ಜೆಕ್ಟ್ ಟು’ (ಒಳಪಟ್ಟು) ಆಗಿರುತ್ತೆ, ಅಷ್ಟೇ.

ಈ ‘ಸಬ್ಜೆಕ್ಟ್ ಟು’ವನ್ನ ಜಪಾನಿ ಭಾಷೆಗೆ ಹೇಗೆ ತರೋದು? ಜಪಾನಿನ ವಿದೇಶಾಂಗ ಇಲಾಖೆಯವರು ‘ಸೇಗೆನ್’ ಅಂದರು. ಅಂದ್ರೆ ಮಿತಿ, ಚಕ್ರವರ್ತಿ ಇರ್ತಾನೆ, ಒಂದಿಷ್ಟು ಕಟ್ಟುಪಾಡು ಇರುತ್ತೆ. ಸೇನೆಯವರು ಅದೇ ಮಾತನ್ನ ‘ರೇಝೊಕು’ ಅಂತ ಓದಿದರು, ಅಂದ್ರೆ ಪೂರ್ತಿ ಅಧೀನ. ಅದರ ಮೊದಲ ಅಕ್ಷರವೇ ಗುಲಾಮ ಅನ್ನೋ ಅರ್ಥದ ‘ದೊರೇ’ ಪದದಲ್ಲೂ ಬರುತ್ತೆ. (ನಮ್ಮಲ್ಲಿ ದೊರೆ ಅಂದ್ರೆ ಉಲ್ಟಾ, ಅಲ್ವಾ!) ಯುದ್ಧ ಮುಂದುವರಿಸಬೇಕು ಅನ್ನೋರಿಗೆ ಈ ಅರ್ಥ ಸಾಕಾಗಿತ್ತು.

ನನ್ನ ಪ್ರಕಾರ ಇಂಗ್ಲಿಷ್‌ಗೆ ಹತ್ತಿರ ಇದ್ದದ್ದು ಸೇನೆಯ ಅರ್ಥವೇ. ವಿದೇಶಾಂಗದವರದು ಸುಮ್ನೆ ಅನುವಾದ ಅಲ್ಲ, ರಾಜಕೀಯ. ಆಗಸ್ಟ್ 14ಕ್ಕೆ ಚಕ್ರವರ್ತಿಯೇ ಒಪ್ಪಿಕೊಳ್ಳೋಣ ಅಂದ, ಜಗಳ ಮುಗೀತು. ಸೆಪ್ಟೆಂಬರ್ 2ರಂದು ಮಿಸೌರಿ ಹಡಗಿನ ಮೇಲೆ ಸಹಿ ಬಿದ್ದ ಶರಣಾಗತಿ ಪತ್ರದಲ್ಲೂ ಅದೇ ಸಾಲು ಇದೆ, ಅದರ ಜಪಾನಿ ಪಠ್ಯದಲ್ಲಿ ಇರೋದು ‘ಸೇಗೆನ್’.