ಬೆಳ್ಳಂದೂರು ಕಣಿವೆ ಮಾಡೆಲ್: ಈ ಸಲ ಮೋರಿಗಳ ಕೆಲಸ

ಬೆಂಗಳೂರಿನ ಈ ಭಾಗದಲ್ಲಿ ಮಳೆನೀರು ಹೇಗೆ ಹರಿಯುತ್ತದೆ, ಎಲ್ಲಿ ಉಕ್ಕುತ್ತದೆ ಎಂದು ನೋಡಲು ಕಂಪ್ಯೂಟರ್‌ನಲ್ಲಿ ಒಂದು ಮಾಡೆಲ್ ಮಾಡುತ್ತಿದ್ದೇನೆ. ಹೋದ ಸಲ ಬರೆದಾಗ ಮಡಿವಾಳದಿಂದ ವರ್ತೂರಿನ ತನಕ ನೆಲದ ಏರುತಗ್ಗು ಮಾತ್ರ ಕೂರಿಸಿದ್ದೆ. ಈಗ ಅದರ ಮೇಲೆ ಮಳೆ ಸುರಿಸಿ ನೋಡುತ್ತಿದ್ದೇನೆ. ಮಡಿವಾಳ ಕೆರೆ ಕೋಡಿ ಬಿದ್ದರೆ ನೀರು ಅಗರಕ್ಕೆ, ಅಲ್ಲಿಂದ ಬೆಳ್ಳಂದೂರು, ಆಮೇಲೆ ವರ್ತೂರು, ಕೊನೆಗೆ ದಕ್ಷಿಣ ಪಿನಾಕಿನಿ ನದಿ. ಹಳೆಯ ಕಾಲದವರು ಕಟ್ಟಿದ ಈ ಕೆರೆ ಸಾಲು ಪರದೆ ಮೇಲೆ ಒಂದೊಂದಾಗಿ ತುಂಬುವುದನ್ನು ನೋಡಲು ಎಷ್ಟು ಖುಷಿ ಗೊತ್ತಾ!

ಆದರೆ ಅಗರದ ನೀರು ರಿಂಗ್ ರೋಡ್ ಹತ್ತಿರ ಬಂದು ನಿಂತುಬಿಡುತ್ತಿತ್ತು. ಕಾರಣ ಇಷ್ಟೇ. ಉಚಿತವಾಗಿ ಸಿಗುವ, ನೆಲದ ಎತ್ತರ ಹೇಳುವ ಕೋಪರ್ನಿಕಸ್ ಎಂಬ ಉಪಗ್ರಹ ಡೇಟಾ ಮೇಲಿಂದ ಕಂಡದ್ದನ್ನು ಹೇಳುತ್ತದೆ, ಅದಕ್ಕೆ ಮರದ ತಲೆ, ತಾರಸಿ, ಫ್ಲೈಓವರ್ ಎಲ್ಲವೂ ನೆಲವೇ, ಹಾಗಾಗಿ ರಸ್ತೆ ಅಣೆಕಟ್ಟಿನ ಹಾಗೆ ಅಡ್ಡ ನಿಲ್ಲುತ್ತದೆ. ಅದೇ ಡೇಟಾದಿಂದ ಮರ, ಕಟ್ಟಡ ಕಳೆದಿರುವ ಫ್ಯಾಬ್‌ಡೆಮ್ ಎಂಬ ಡೇಟಾ ಹಾಕಿದೆ. ಸ್ವಲ್ಪ ಸುಧಾರಿಸಿತು. ಆದರೂ 30 ಮೀಟರ್ ಚೌಕಕ್ಕೆ, ಅಂದರೆ 900 ಚದರ ಮೀಟರ್ ಜಾಗಕ್ಕೆ, ಒಂದೇ ಎತ್ತರ. 10 ಮೀಟರ್ ಅಗಲದ ರಾಜಕಾಲುವೆ ಅದರಲ್ಲಿ ಎಲ್ಲಿ ಕಾಣಬೇಕು?

ಅದಕ್ಕೇ ಕಾಲುವೆಗಳನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಕೈಯಾರೆ ಎಳೆದು, ಅಲ್ಲಿ ನೆಲ ತಗ್ಗಿಸಿ, ರಸ್ತೆ ಕೆಳಗಿನ ಮೋರಿಗಳ ಅಗಲ, ಎತ್ತರವನ್ನು ನೀರಿನ ಹರಿವು ಲೆಕ್ಕ ಹಾಕುವ ಹೆಕ್-ರಾಸ್ ತಂತ್ರಾಂಶಕ್ಕೆ ಹಾಕಿದೆ. ಅಳತೆಗೆ ಟೇಪ್ ಹಿಡಿದು ರಸ್ತೆ ಬದಿಯಲ್ಲಿ ನಿಂತದ್ದೂ ಆಯಿತು. ಪ್ರತಿ ಮೋರಿಗೂ ಎರಡು ಲೆಕ್ಕ: ಪೂರ್ತಿ ಖಾಲಿ ಇದ್ದಾಗ, ಅರ್ಧ ಹೂಳು ತುಂಬಿದಾಗ. ಮಳೆ ಅದೇ, ನೆಲ ಅದೇ, ಆದರೆ ಹೂಳಿದ್ದಾಗ ರಸ್ತೆಯ ಮೇಲ್ಬದಿಯ ಬಡಾವಣೆಯಲ್ಲಿ ನೀರು ಜಾಸ್ತಿ ಏರುತ್ತದೆ, ಇಳಿಯಲು ತುಂಬಾ ಹೊತ್ತು ಹಿಡಿಯುತ್ತದೆ. ನಗರದ 3ಡಿ ಮಾಡೆಲ್ ಅಂದರೆ ಕಟ್ಟಡಗಳನ್ನು ಚೆಂದವಾಗಿ ತೋರಿಸುವುದೇ ಜಾಸ್ತಿ. ನನಗಂತೂ ಊರಿನ ಪ್ರತಿ ಮೋರಿಯ ಅಳತೆ, ಅದರಲ್ಲಿರುವ ಹೂಳು, ಇವೆರಡೂ ಎಲ್ಲರಿಗೂ ಸಿಗುವ ಹಾಗಿದ್ದರೆ ಸಾಕು.

ಮಳೆಗೆ 2022ರ ಸೆಪ್ಟೆಂಬರ್ ಆರಂಭದಲ್ಲಿ ಈ ಕಡೆಯೆಲ್ಲ ನೆರೆ ಬಂದ ಆ ರಾತ್ರಿಯನ್ನೇ ಇಟ್ಟುಕೊಂಡಿದ್ದೇನೆ: 24 ಗಂಟೆಯಲ್ಲಿ 131.6 ಮಿ.ಮೀ. ಒಂದು ಚದರ ಕಿಲೋಮೀಟರ್‌ಗೆ 13 ಕೋಟಿ ಲೀಟರ್‌ಗೂ ಜಾಸ್ತಿ ನೀರು. ಅದನ್ನು ಇಡೀ ದಿನಕ್ಕೆ ಹಂಚಿದರೆ ಕಾಲುವೆ ಹೇಗೋ ತಡೆದುಕೊಳ್ಳುತ್ತದೆ, ಮೂರು ಗಂಟೆಗೆ ಒತ್ತಿದರೆ ಉಕ್ಕುತ್ತದೆ. ಹಾಗಾಗಿ ಮುಂದಿನ ಕೆಲಸ, ಒಟ್ಟು ಮಳೆ ಬಿಟ್ಟು ಗಂಟೆಗಂಟೆಯ ಮಳೆ ಹಾಕುವುದು.

ಒಂದು ಸಹಾಯ ಬೇಕು. ಆಗ ಸರ್ಜಾಪುರ ರಸ್ತೆ, ಯಮಲೂರು, ಬೆಳ್ಳಂದೂರು ಕಡೆ ಇದ್ದವರು ಗೋಡೆ ಮೇಲಿನ ನೀರಿನ ಗುರುತಿನ ಫೋಟೋ ಇದ್ದರೆ ಕಳಿಸಿ. ರಸ್ತೆಯಿಂದ ಎಷ್ಟು ಅಡಿ ಎತ್ತರಕ್ಕೆ, ಸುಮಾರು ಎಷ್ಟು ಹೊತ್ತಿಗೆ, ಇಷ್ಟು ಬರೆದರೆ ಸಾಕು. ಮನೆ ನಂಬರ್ ಬೇಡ, ಹತ್ತಿರದ ತಿರುವು ಹೇಳಿ.