ಟೊಮೆಟೊ ಗಿಡದಲ್ಲಿ ಹುಳ ಎಲ್ಲೆಲ್ಲಿ ಇರತ್ತೆ
ನಮ್ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಟೊಮೆಟೊ ಆಗಲ್ಲ, ಗಿಡ ಕೊಳ್ತೇ ಹೋಗತ್ತೆ, ಅದಕ್ಕೆ ಗದ್ದೆ ಕೊಯ್ಲು ಮುಗಿದ್ಮೇಲೆ ಹಿತ್ಲಲ್ಲಿ ಸ್ವಲ್ಪ ಹಾಕ್ತೀವಿ. ಈ ಸಲ ಜನವರಿಲಿ ಅತ್ತಿಗೆ ಫೋನ್ ಮಾಡಿ, "ಎಲೆ ತುಂಬ ಬಿಳಿ ಗೆರೆ, ಕಾಯಿ ತೂತು, ಔಷಧಿ ಹೊಡೆದ್ರೂ ಕಮ್ಮಿ ಇಲ್ಲ, ಹುಳ ಮಾತ್ರ ಕಣ್ಣಿಗೇ ಬೀಳಲ್ಲ, ಒಂದ್ಸಲ ಬಂದು ನೋಡು ಮಾರಾಯ" ಅಂದ್ರು.

ಹೋದೆ. ಗೆರೆ ಬಿದ್ದ ಎಲೆ ಒಂದು ಕಿತ್ತು ಬಿಸಿಲಿಗೆ ಅಡ್ಡ ಹಿಡಿದು ತೋರಿಸ್ದೆ. ರಂಗೋಲಿ ಹುಳ. ಗೆರೆ ಶುರುವಾಗೋ ಕಡೆ ಕೂದಲೆಳೆ ಹಂಗೆ ಸಣ್ಣ, ಮರಿ ಬೆಳೀತಾ ಹೋದಂಗೆ ಅಗಲ ಆಗ್ತಾ ಹೋಗಿ ಕೊನೇಲಿ ಹಳದಿ ಮರಿ ಇನ್ನೂ ಮಿಸುಕಾಡ್ತಾ ಇತ್ತು, ಅದು ಎಲೆಯ ಮೇಲಿನ ಸಿಪ್ಪೆಗೂ ಕೆಳಗಿನ ಸಿಪ್ಪೆಗೂ ಮಧ್ಯೆ ಕೂತು ಹಸಿರನ್ನ ತಿಂತಾ ಹೋಗತ್ತೆ. ಬಲಿತ ಮೇಲೆ ಎಲೆ ಸೀಳ್ಕೊಂಡು ಮಣ್ಣಿಗೆ ಬಿದ್ದು ಕೋಶ (ಚಿಪ್ಪಿನೊಳಗೆ ತಿನ್ನದೆ ಸುಮ್ನೆ ಇರೋ ಹಂತ) ಆಗತ್ತೆ, ಅಲ್ಲಿಂದ ಕಪ್ಪು-ಹಳದಿ ಸಣ್ಣ ನೊಣ ಆಗಿ ಮತ್ತೆ ಎಲೆಗೇ ಬರತ್ತೆ.

"ಹಂಗಾದ್ರೆ ನಾನು ಮೇಲಿಂದ ಹೊಡೆದಿದ್ದು ಯಾರಿಗೆ ತಾಗ್ತು?" ಅಂದ್ರು ಅತ್ತಿಗೆ. ಕೇಳಬೇಕಾದ ಪ್ರಶ್ನೆನೇ ಅದು. ಈ ಮರಿಗಳನ್ನ ತಿನ್ನೋ ಪುಟ್ಟ ಕಣಜಗಳು ಇರ್ತವೆ, ಸಿಕ್ಕಾಪಟ್ಟೆ ಹೊಡೆದ್ರೆ ಮೊದಲು ಸಾಯೋದು ಅವೇ, ಆಮೇಲೆ ರಂಗೋಲಿ ಇನ್ನೂ ಜಾಸ್ತಿ ಆಗತ್ತೆ.

ಗಿಡ ಅಲ್ಲಾಡಿಸಿದ್ರೆ ಬಿಳಿ ನೊಣ ಹಾರಿದ್ವು. ಅವು ಮೊಟ್ಟೆ ಇಡೋದು ಮೇಲಿನ ಎಳೆ ಎಲೆಯ ಅಡಿಗೆ, ಗಿಡ ಎತ್ತರ ಆಗ್ತಾ ಆ ಎಲೆ ಕೆಳಗೆ ಉಳಿಯತ್ತೆ, ಅದಕ್ಕೇ ಬಲಿತ ಮರಿ ನೋಡಬೇಕಂದ್ರೆ ಬುಡದ ಕಡೆಯ ಎಲೆ ಮಗುಚಿ ನೋಡ್ಬೇಕು. ಮೀನಿನ ಹುರುಪೆ ಥರ ಅಂಟ್ಕೊಂಡಿರತ್ತೆ, ಅಲ್ಲಾಡೋದೇ ಇಲ್ಲ, ಹುಳ ಅಂತ ಗೊತ್ತೇ ಆಗಲ್ಲ. ಎಲೆ ಮುಟುರು ರೋಗದ ವೈರಸ್ ತರೋದು ಈ ನೊಣವೇ, ವೈರಸ್ ಹೊಕ್ಕ ಗಿಡಕ್ಕೆ ಔಷಧಿ ಇಲ್ಲ, ಕಿತ್ತು ಹಾಕೋದೇ.

ಕಾಯಿಕೊರಕದ ಕತೆ ಬೇರೆ. ಚಿಟ್ಟೆ ಹೂವಿನ ಹತ್ರದ ಎಳೆ ಎಲೆ ಮೇಲೆ ಒಂದೊಂದೇ ಮೊಟ್ಟೆ ಇಡತ್ತೆ, ಮರಿ ಮೊದಲು ಎಲೆ ಕೆರ್ಕೊಂಡು ತಿಂದು ಆಮೇಲೆ ಕಾಯಿಗೆ ಇಳಿಯತ್ತೆ. ನಮಗೆ ಸಿಕ್ಕಿದ್ದು ಅರ್ಧ ಮೈ ಕಾಯಿ ಒಳಗೆ, ಅರ್ಧ ಹೊರಗೆ. ಒಳಗೆ ತಲೆ ಹಾಕಿದ್ಮೇಲೆ ಔಷಧಿ ಹೊಡೆದು ಏನು ಉಪಯೋಗ? ಅದೂ ಕೊನೆಗೆ ಮಣ್ಣಲ್ಲೇ ಕೋಶ ಆಗೋದು, ಬುಡ ಕೆದರಿದಾಗ ಕಂದು ಬಣ್ಣದ್ದೊಂದು ಸಿಕ್ತು, ಅತ್ತಿಗೆ ಅದನ್ನ ಅಂಗೈ ಮೇಲಿಟ್ಕೊಂಡು ಬಾಲದ ತುದಿ ಅಲ್ಲಾಡೋದನ್ನ ತುಂಬ ಹೊತ್ತು ನೋಡಿದ್ರು.

ಮಧ್ಯಾಹ್ನದೊಳಗೆ ಬುಡದ ಎಲೆ ಎಲ್ಲಾ ಕಿತ್ತು ಸುಟ್ವಿ, ತೂತಾದ ಕಾಯಿ ಆರಿಸಿ ತೆಗೆದ್ವಿ, ಮುಟುರಿದ ಗಿಡ ಕಿತ್ವಿ, ಬಿಳಿ ನೊಣ ಬಂದು ಅಂಟ್ಕೊಳ್ಲಿ ಅಂತ ಹಳದಿ ಅಂಟು ಹಾಳೆ ಕಟ್ಟಿದ್ವಿ. ಮುಂದಿನ ಸಲಕ್ಕೆ ಚೆಂಡು ಹೂ ಹಾಕೋದು ಅಂತ ಆಯ್ತು, ಕಾಯಿಕೊರಕದ ಚಿಟ್ಟೆಗೆ ಮೊಟ್ಟೆ ಇಡೋಕೆ ಆ ಹೂವೇ ಇಷ್ಟ, ಟೊಮೆಟೊ ಬಿಟ್ಟು ಅಲ್ಲಿಗೆ ಹೋಗತ್ತೆ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವ್ರು 16 ಸಾಲು ಟೊಮೆಟೊಗೆ 1 ಸಾಲು ಹೇಳ್ತಾರೆ. ಟೊಮೆಟೊ ಸಸಿ 25 ದಿನದ್ದಾದ್ರೆ ಚೆಂಡು ಹೂವಿಂದು 40 ದಿನದ್ದಾದ್ರೂ ಇರ್ಬೇಕು, ಎರಡೂ ಒಟ್ಟಿಗೆ ಹೂ ಬಿಡ್ಬೇಕಲ್ಲ. ಬೀಜಕ್ಕೆ ಅಂತ ಅತ್ತಿಗೆ ಈಗ್ಲೇ ಅಂಗಳದ ಚೆಂಡು ಹೂ ಒಣಗಿಸೋಕೆ ಹಾಕಿದ್ದಾರೆ.